ಯುದ್ಧದ ನೆಲ ನೋಡಲು ಶ್ರೀಲಂಕಾಕ್ಕೆ ಹೊರಟವರಿಗೆ: ಜಾಫ್ನಾದಿಂದ ಮುಲ್ಲೈತೀವಿನವರೆಗೆ

ಕ್ಯಾಂಡಿ, ನುವಾರ ಎಲಿಯ, ಜೊತೆಗೊಂದು ಬೀಚು. ನಮ್ಮ ಕಡೆಯವರ ಶ್ರೀಲಂಕಾ ಪ್ರವಾಸ ಹೆಚ್ಚಾಗಿ ಇಷ್ಟರಲ್ಲೇ ಮುಗಿಯುತ್ತದೆ. 1983ರಿಂದ 2009ರವರೆಗೆ ಸರ್ಕಾರದ ಸೈನ್ಯಕ್ಕೂ, ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದ ಎಲ್‌ಟಿಟಿಇ ಸಂಘಟನೆಗೂ ನಡೆದ ಅಂತರ್ಯುದ್ಧದ ಜಾಗಗಳನ್ನು ನೋಡಬೇಕು ಅನ್ನುವವರು ಉತ್ತರಕ್ಕೆ ಹೋಗಬೇಕು. ನಾವು ಹೋಗಿದ್ದೂ ಅದಕ್ಕಾಗಿಯೇ. ಇದೇ ದಾರಿ ಹಿಡಿಯುವವರಿಗೆ ನನ್ನ ಮೊದಲ ಸಲಹೆ ಒಂದೇ: ಸೀದಾ ರಣರಂಗಕ್ಕೆ ಹೋಗಬೇಡಿ. ಮೊದಲು ಉತ್ತರ ತುದಿಯ ತಮಿಳರ ಊರು ಜಾಫ್ನಾದ ಗ್ರಂಥಾಲಯಕ್ಕೆ ಹೋಗಿ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ. ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ. ಅಲ್ಲಿನ ಸರ್ಕಾರದ ವೆಬ್‌ಸೈಟ್ ಬಿಟ್ಟು ಬೇರೆ ಎಲ್ಲೂ ದುಡ್ಡು ಕಟ್ಟಬೇಡಿ. ಕೊಲಂಬೊ ಫೋರ್ಟ್ ಸ್ಟೇಷನ್‌ನಿಂದ ಜಾಫ್ನಾಕ್ಕೆ ಸುಮಾರು 400 ಕಿಲೋಮೀಟರ್. ಚೆನ್ನೈನಿಂದ ಜಾಫ್ನಾಕ್ಕೇ ಹಾರಬಹುದು, ಆದರೆ ರೈಲು ಸಿಕ್ಕರೆ ಬಿಡಬೇಡಿ. ಯುದ್ಧದಲ್ಲಿ ನಿಂತುಹೋದ ರೈಲು ಮತ್ತೆ ಜಾಫ್ನಾ ತಲುಪಿದ್ದು 2014ರಲ್ಲಿ. ಉತ್ತರದ ಹಳಿಗಳನ್ನು ಹೊಸದಾಗಿ ಹಾಕಿದ್ದು ನಮ್ಮ ದೇಶದ ಇರ್ಕಾನ್ ಕಂಪನಿ. ಸೀಟು ಮೊದಲೇ ಕಾದಿರಿಸಿ, ರೈಲು ಓಡುತ್ತಿದೆಯಾ ಅಂತ ಹೊರಡುವ ವಾರ ವಿಚಾರಿಸಿ. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಮಳೆಗಾಲ. ಜನವರಿಯಿಂದ ಮಾರ್ಚ್ ಒಳ್ಳೆಯದು.

ಗ್ರಂಥಾಲಯ ಬಿಳಿ ಕಟ್ಟಡ, ಎದುರಿಗೆ ಸರಸ್ವತಿ ವಿಗ್ರಹ. ಪ್ರವಾಸಿಗರನ್ನು ಎಲ್ಲ ಹೊತ್ತಿನಲ್ಲೂ ಒಳಗೆ ಬಿಡುವುದಿಲ್ಲ, ಹೊರಡುವ ಮುಂಚೆ ಸಮಯ ಕೇಳಿಕೊಳ್ಳಿ. 1981ರ ಜೂನ್ 1ರ ರಾತ್ರಿ ಇದಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕಗಳು, ಮತ್ತೆ ಸಿಗದ ತಾಳೆಗರಿಗಳು ಸುಟ್ಟುಹೋದವು. ಬೆಂಕಿ ಹಚ್ಚಿದ ಗುಂಪಿನಲ್ಲಿ ಪೊಲೀಸರೂ ಇದ್ದರು. ಇದನ್ನು ಮೊದಲು ನೋಡಿ ಅಂದಿದ್ದು ಯಾಕೆ ಅಂದರೆ, ಜಗಳ ಶುರುವಾಗಿದ್ದು ಬಂದೂಕಿನಿಂದ ಅಲ್ಲ. 1948ರಲ್ಲೇ ಚಹಾ ತೋಟದ ಲಕ್ಷಾಂತರ ತಮಿಳರಿಗೆ ಪೌರತ್ವ ಇಲ್ಲವಾಯಿತು. 1956ರಲ್ಲಿ ಬಹುಸಂಖ್ಯಾತರ ಭಾಷೆಯಾದ ಸಿಂಹಳವೊಂದೇ ಆಡಳಿತ ಭಾಷೆ ಅನ್ನುವ ಕಾನೂನು ಬಂತು. 70ರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟಿಗೆ ತಮಿಳು ಹುಡುಗರು ಜಾಸ್ತಿ ಅಂಕ ತೆಗೆಯಬೇಕಾಯಿತು. ಓದಿನಿಂದಲೇ ಮೇಲೆ ಬಂದ ಊರು ಜಾಫ್ನಾ. ಅದರ ಗ್ರಂಥಾಲಯವೇ ಬೂದಿಯಾದ ಮೇಲೆ, ಮಾತುಕತೆ ಸಾಕು ಅನ್ನುವ ಹುಡುಗರಿಗೆ ಕಿವಿಗೊಡುವವರು ಹೆಚ್ಚಾದರು. ಎರಡು ವರ್ಷಕ್ಕೆ, 1983ರ ಜುಲೈನಲ್ಲಿ ಎಲ್‌ಟಿಟಿಇ ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದಿತು. ಅದರ ಬೆನ್ನಿಗೇ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳು ಉರಿದವು.

ನಲ್ಲೂರು ಕಂದಸ್ವಾಮಿ ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆಯಬೇಕು. ಆಗಸ್ಟ್ ಆಸುಪಾಸಿನ ಜಾತ್ರೆ ಸಮಯದಲ್ಲಿ ರೂಮು ಸಿಗುವುದು ಕಷ್ಟ. ಎರಡು ದೇಶಗಳ ಒಪ್ಪಂದದಂತೆ ಬಂದ ಭಾರತದ ಶಾಂತಿ ಪಾಲನಾ ಪಡೆ ಇದ್ದ ಕಾಲದಲ್ಲಿ ಎಲ್‌ಟಿಟಿಇಯ ತಿಲೀಪನ್ ಭಾರತಕ್ಕೆ ಬೇಡಿಕೆಗಳನ್ನಿಟ್ಟು ಉಪವಾಸ ಕೂತು ತೀರಿಕೊಂಡಿದ್ದು ಈ ದೇವಸ್ಥಾನದ ಹತ್ತಿರವೇ, 1987ರ ಸೆಪ್ಟೆಂಬರ್ 26ರಂದು. ಕೆಲವೇ ದಿನಗಳಲ್ಲಿ ನಮ್ಮ ಸೈನ್ಯ ಮತ್ತು ಎಲ್‌ಟಿಟಿಇ ನಡುವೆ ಯುದ್ಧ ಶುರುವಾಯಿತು. 1990ರಲ್ಲಿ ವಾಪಸಾಗುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದರು. ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ, ಸಂಸತ್ತಿನ ಹತ್ತಿರ ಅವರ ಸ್ಮಾರಕ ಇದೆ. ದಯವಿಟ್ಟು ಅದನ್ನು ತಪ್ಪಿಸಬೇಡಿ. ಈ ಯುದ್ಧ ಬೆಂಗಳೂರಿನವರೆಗೂ ಬಂದಿತ್ತು: ರಾಜೀವ್ ಗಾಂಧಿ ಹತ್ಯೆಯ ಸಂಚಿನ ಶಿವರಾಸನ್ ಮತ್ತು ಜೊತೆಗಾರರು 1991ರ ಆಗಸ್ಟ್‌ನಲ್ಲಿ ಸತ್ತಿದ್ದು ಕೋಣನಕುಂಟೆಯ ಮನೆಯೊಂದರಲ್ಲಿ.

ಜಾಫ್ನಾ ಆದ ಮೇಲೆ ಬಸ್ಸು ನೆಚ್ಚಿಕೊಳ್ಳಬೇಡಿ, ಕಾರು ಮಾಡಿಕೊಳ್ಳಿ. ಡ್ರೈವರ್ ಆ ಕಡೆಯ ತಮಿಳರಾದರೆ ಒಳ್ಳೆಯದು. ಬೆಂಗಳೂರಿನ ತಮಿಳು ಅಲ್ಪಸ್ವಲ್ಪ ಬಂದರೂ ಸಾಕು, ಅವರು ನಿಧಾನವಾಗಿ ಮಾತಾಡುತ್ತಾರೆ. ಮೊದಲು ಸಿಗುವುದು ಎಲಿಫೆಂಟ್ ಪಾಸ್. ನಕ್ಷೆ ತೆಗೆದು ನೋಡಿ, ಇದಕ್ಕಾಗಿ ಅಷ್ಟು ಜನ ಸತ್ತಿದ್ದು ಯಾಕೆ ಅಂತ ತಿಳಿಯುತ್ತದೆ. ಎರಡೂ ಕಡೆ ಹಿನ್ನೀರು, ನಡುವೆ ಕಿರಿದಾದ ನೆಲ. ಜಾಫ್ನಾ ಪರ್ಯಾಯದ್ವೀಪಕ್ಕೆ ಹೋಗುವ ಎ9 ಹೆದ್ದಾರಿ ಇದರ ಮೇಲೇ ಹಾಯುತ್ತದೆ. 1991ರಲ್ಲಿ ಎಲ್‌ಟಿಟಿಇ ಇಲ್ಲಿನ ಶಿಬಿರಕ್ಕೆ ಬುಲ್ಡೋಜರ್‌ಗೆ ಉಕ್ಕಿನ ಕವಚ ಹಾಕಿ ನುಗ್ಗಿಸಿತು. ಅದನ್ನು ಗ್ರೆನೇಡ್ ಹಿಡಿದು ತಡೆದು ಸತ್ತ ಸೈನಿಕ ಗಾಮಿನಿ ಕುಲರತ್ನ. ಆ ಬುಲ್ಡೋಜರ್ ಈಗಲೂ ರಸ್ತೆ ಬದಿಯಲ್ಲಿದೆ. 2000ದಲ್ಲಿ ಶಿಬಿರ ಎಲ್‌ಟಿಟಿಇ ಕೈಗೆ ಬಿತ್ತು, 2009ರ ಜನವರಿಯಲ್ಲಿ ಸೈನ್ಯ ವಾಪಸ್ ಪಡೆಯಿತು. ಎಲ್‌ಟಿಟಿಇಯ ಆಡಳಿತ ಕೇಂದ್ರವಾಗಿದ್ದ ಕಿಲಿನೋಚ್ಚಿ ಬಿದ್ದಿದ್ದೂ ಅದೇ ತಿಂಗಳು. ಅಲ್ಲೊಂದು ದೊಡ್ಡ ಕಾಂಕ್ರೀಟ್ ದಿಮ್ಮಿ, ಅದಕ್ಕೆ ನಾಟಿದ ಶೆಲ್, ಮೇಲೆ ಅರಳಿದ ತಾವರೆ. ಸೈನ್ಯದ ವಿಜಯ ಸ್ಮಾರಕ.

ಪರಂತನ್ ಹತ್ತಿರ ಪೂರ್ವಕ್ಕೆ ತಿರುಗಿದರೆ ಪುದುಕ್ಕುಡಿಯಿರುಪ್ಪು, ಮುಳ್ಳಿವಾಯ್ಕಾಲ್, ಮುಲ್ಲೈತೀವು. ಇದಕ್ಕೆ ಇಡೀ ದಿನ ಇಟ್ಟುಕೊಳ್ಳಿ. 2009ರ ಮೊದಲ ತಿಂಗಳುಗಳಲ್ಲಿ ಲಕ್ಷಾಂತರ ಜನ ಕಡಲು ಮತ್ತು ನಂದಿಕ್ಕಡಲ್ ಹಿನ್ನೀರಿನ ನಡುವಿನ ಮರಳು ಪಟ್ಟಿಗೆ ಒತ್ತರಿಸಲ್ಪಟ್ಟರು. ಇಲ್ಲಿ ಗುಂಡು ಹಾರುವುದಿಲ್ಲ ಅಂತ ಸರ್ಕಾರವೇ ಹೇಳಿದ ಜಾಗಗಳ ಮೇಲೆ ಸೈನ್ಯದ ಶೆಲ್ ಬಿದ್ದವು. ತಪ್ಪಿಸಿಕೊಳ್ಳಲು ಹೊರಟವರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿತು, ಮಕ್ಕಳನ್ನೂ ಹಿಡಿದು ಪಡೆಗೆ ಸೇರಿಸಿತು. ಸತ್ತ ನಾಗರಿಕರು 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ಸೈನ್ಯದ ಸ್ಮಾರಕಗಳು ದೊಡ್ಡವು, ಬೋರ್ಡು ನೋಡಿಯೇ ಸಿಗುತ್ತವೆ. ಮುಳ್ಳಿವಾಯ್ಕಾಲ್‌ನ ನಾಗರಿಕರ ಸ್ಮಾರಕ ಸಣ್ಣದು, ಕೇಳಿಕೊಂಡು ಹೋಗಬೇಕು. ಕೇಳಿಕೊಂಡು ಹೋಗಿ. ಒಂದನ್ನು ಮಾತ್ರ ನೋಡಿದರೆ ಅರ್ಧ ಯುದ್ಧ ನೋಡಿದ ಹಾಗೆ.

ಯುದ್ಧ ಮುಗಿದ ದಿನವಾದ ಮೇ 18ರ ಆಸುಪಾಸು ಮುಳ್ಳಿವಾಯ್ಕಾಲ್‌ನಲ್ಲಿ ಗಂಜಿ ಹಂಚುತ್ತಾರೆ. ಕೊನೆಯ ವಾರಗಳಲ್ಲಿ ಜನ ಬದುಕಿದ್ದು ಅದನ್ನೇ ಕುಡಿದು. ಕೊಟ್ಟರೆ ತಗೊಳ್ಳಿ, ಆದರೆ ಅಳುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ. "ನಿಮ್ಮ ಮನೆಯಲ್ಲಿ ಯಾರು ಸತ್ತರು" ಅಂತ ಸುಮ್ನೆ ಕೇಳಲೂಬೇಡಿ. ಕಾಣೆಯಾದ ಮಕ್ಕಳಿಗಾಗಿ ಕಿಲಿನೋಚ್ಚಿಯ ತಾಯಂದಿರು 2017ರಿಂದ ಹೋರಾಡುತ್ತಿದ್ದಾರೆ. ನಮಗೆ ಪ್ರವಾಸ, ಅವರಿಗೆ ಅದೇ ಬದುಕು ಅಲ್ವಾ. ಸೈನ್ಯದ ಶಿಬಿರ, ಚೆಕ್‌ಪೋಸ್ಟ್‌ಗಳ ಫೋಟೊ ಬೇಡ. ಎಲ್‌ಟಿಟಿಇಯ ಹುಲಿ ಚಿಹ್ನೆ ಇರುವ ಯಾವ ವಸ್ತುವನ್ನೂ ಕೊಳ್ಳಬೇಡಿ, ಕಾನೂನಿನ ತೊಂದರೆ ಆಗುತ್ತದೆ. ನೆಲಬಾಂಬ್ ತೆಗೆಯುವ ಕೆಲಸಕ್ಕೆ ವರ್ಷಗಟ್ಟಲೆ ಹಿಡಿದ ಪ್ರದೇಶ ಇದು, ರಸ್ತೆ ಬಿಟ್ಟು ಪೊದೆಗಳ ಕಡೆ ನಡೆಯಬೇಡಿ.

ಸಮಯ ಇದ್ದರೆ ಕೊಲಂಬೊಗೆ ಮರಳುವ ಮುಂಚೆ ಟ್ರಿಂಕೋಮಲಿ ಮೇಲೆ ಬಟ್ಟಿಕಲೋವಾ ಕಡೆ ಹೋಗಿ. ಪಕ್ಕದ ಕಾತ್ತಾನ್‌ಕುಡಿಯಲ್ಲಿ 1990ರ ಆಗಸ್ಟ್ 3ರಂದು ನಮಾಜ್‌ಗೆ ಸೇರಿದ್ದ ನೂರಕ್ಕೂ ಹೆಚ್ಚು ಮುಸ್ಲಿಮರನ್ನು ಎಲ್‌ಟಿಟಿಇ ಮಸೀದಿಯಲ್ಲೇ ಕೊಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉತ್ತರದ ಸುಮಾರು 70,000 ಮುಸ್ಲಿಮರನ್ನು ಊರು ಬಿಡಿಸಿತು. ಇದು ಸಿಂಹಳ-ತಮಿಳು ಜಗಳ ಅಷ್ಟೇ ಅಂದುಕೊಂಡು ಬಂದವರು ಇಲ್ಲಿಗೆ ಬರಲೇಬೇಕು. ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನು ಹಾಗೇ ಉಳಿಸಿದ್ದಾರೆ. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ, ಒಳಗೆ ಕಾಲಿಡುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ.