ಹರಳು ಬೀಜದ ಗೆರೆ ಕೊನೆಗೂ ಉಳಿಯಿತು

ನಿನ್ನೆ ರಾತ್ರಿ ಮೂರನೇ ಎರಕದ ಅಚ್ಚು ಬಿಚ್ಚಿದೆ. ಬೀಜದ ಹೊಟ್ಟೆಯ ಮೇಲಿನ ಗೆರೆ ತಲೆಯಿಂದ ಬುಡದವರೆಗೆ ಎಲ್ಲೂ ಮುಕ್ಕಾಗದೆ ಬಂದಿದೆ. ಖುಷಿಗೆ ನಿದ್ದೆಯೇ ಬರಲಿಲ್ಲ.

ಮಗಳ ಶಾಲೆಗೆ 20 ಪಟ್ಟು ದೊಡ್ಡ ಹರಳು ಬೀಜ ಮಾಡುತ್ತಿದ್ದೇನೆ. ಮಣ್ಣಿನ ಮಾದರಿ ಮಾಡಿ, ಅಂಟದಂತೆ ಸೋಪು ಬಳಿದು, ಪ್ಲಾಸ್ಟರ್ ಕಲಸಿ ಅಚ್ಚು ತೆಗೆದು, ಅದರೊಳಗೆ ಎರಕ ಹೊಯ್ಯುವುದು, ಇಷ್ಟೇ ಕೆಲಸ. ಕಾಡಿದ್ದು ಆ ಗೆರೆ, ಅಂದರೆ ರಾಫೆ.

ಬೀಜದ ತುದಿಯಲ್ಲಿ ಬಿಳಿ ಗಂಟು ಇದೆಯಲ್ಲ, ಕ್ಯಾರಂಕಲ್, ಅದು ಹೊರಕ್ಕೆ ಚಾಚಿರುತ್ತದೆ. ಹೊಟ್ಟೆ-ಬೆನ್ನು ಅಂತ ಅಚ್ಚು ಸೀಳಿದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೊದಲು ಎಡ-ಬಲ ಸೀಳಿದ್ದೆ. ಅಚ್ಚಿನ ಕೂಡುಗೆರೆ ಸರಿಯಾಗಿ ರಾಫೆಯ ಮೇಲೇ ಬಂತು. ಗ್ರೀಕಿನಲ್ಲಿ ರಾಫೆ ಅಂದರೆ ಹೊಲಿಗೆ, ಹೊಲಿಗೆಯ ಮೇಲೆ ಹೊಲಿಗೆ ಒಳ್ಳೆಯದೇ ಅಂದುಕೊಂಡೆ. ಆದರೆ ಯಾವುದು ಬೀಜದ ಗೆರೆ, ಯಾವುದು ಪ್ಲಾಸ್ಟರ್ ಸೋರಿ ಎದ್ದ ಅಂಚು ಅಂತಲೇ ತಿಳಿಯಲಿಲ್ಲ. ಉಪ್ಪುಕಾಗದ ಹಿಡಿದು ಉಜ್ಜಿದೆ. ಎರಡೂ ಹೋದವು.

"ಅಂಚನ್ನೇ ಬಿಟ್ಟುಬಿಡು, ಗೆರೆ ಗೆರೆಯೇ ಅಲ್ವಾ?" ಅಂದ ಗೆಳೆಯ. ನನಗೆ ಮನಸ್ಸು ಬರಲಿಲ್ಲ. ಹರಳಿನ ರಾಫೆ ಎರಡು ಹೋಳು ಕೂಡಿದ ಗುರುತಲ್ಲ. ಹೂವಿನೊಳಗೆ ಅಂಡಕ, ಅಂದರೆ ಮುಂದೆ ಬೀಜವಾಗುವ ಭಾಗ, ತಲೆಕೆಳಗಾಗಿ ಬಾಗುತ್ತದೆ. ಆಗ ಅದರ ತೊಟ್ಟು ಮೈಗೇ ಅಂಟಿಕೊಂಡು ಬೆಳೆಯುತ್ತದೆ. ಆ ಅಂಟಿದ ತೊಟ್ಟೇ ಈ ಏಣು. ತಾಯಿಗಿಡದ ಆಹಾರ ಸಾಗಿಸುವ ನಾಳ ಅದರೊಳಗೇ ಇದೆ. ಅಲ್ಲಿ ಕೂಡುಗೆರೆ ತೋರಿಸಿದರೆ, ಬೀಜ ಎರಡು ಚಿಪ್ಪು ಸೇರಿ ಆದದ್ದು ಅಂತ ಮಕ್ಕಳು ತಪ್ಪು ಕಲಿಯುತ್ತಾರೆ.

ಸಿಲಿಕೋನ್ ರಬ್ಬರ್ ಬಾಗುತ್ತದೆ, ಗಂಟಿನ ತೊಂದರೆಯೇ ಇರಲ್ಲ ಅಂತ ಒಂದು ಕಿಲೋ ತರಿಸಿದೆ. ಎರಡು ದಿನ ಕಳೆದರೂ ಹಲಸಿನ ಮೇಣದ ಹಾಗೆ ಜಿಗುಟು. ಅದು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಹಳೆಯದು. ತಾರೀಕಿನ ಮೇಲೆ ಬೆಲೆ ಚೀಟಿ ಅಂಟಿಸಿದ್ದರು! ಅಂಗಡಿಗೆ ಫೋನ್ ಮಾಡಿದರೆ "ಇನ್ನೊಂದು ದಿನ ಬಿಡಿ ಸಾರ್" ಅಂದರು. ಹೀಗೆ ಮಾಡಬಾರದು. ಎರಡನೇ ಎರಕ ಹೀಗೇ ಹಾಳಾಯಿತು.

ಮೊನ್ನೆ ನಿಜವಾದ ಬೀಜವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದೆ. (ವಿಷದ ಬೀಜ, ಮಕ್ಕಳಿಂದ ದೂರ ಇಡಿ, ಕೈ ತೊಳೆಯಿರಿ.) ಉಗುರು ತಾಗಿ ಗಂಟು ಕಳಚಿ ಬಂತು. ತಕ್ಷಣ ಹೊಳೆಯಿತು. ಗಂಟನ್ನು ಬೇರೆಯಾಗಿ ಎರಕ ಹೊಯ್ದೆ. ಮೈಯ ಅಚ್ಚನ್ನು ಹೊಟ್ಟೆ-ಬೆನ್ನು ಸೀಳಿದೆ. ಕೂಡುಗೆರೆ ಪಕ್ಕೆಗೆ ಹೋಯಿತು. ಅಲ್ಲಿ ಎಷ್ಟು ಉಜ್ಜಿದರೂ ರಾಫೆಗೆ ಏನೂ ಆಗಲ್ಲ.

ಬೆಳಿಗ್ಗೆ ಮಗಳು ನೋಡಿ "ಅಪ್ಪಾ, ಉಣುಗು!" ಅಂತ ಹಿಂದೆ ಸರಿದಳು. ಎಷ್ಟು ಸರಿಯಾಗಿ ಹೇಳಿದಳು! ಹರಳಿನ ಕುಲದ ಹೆಸರು ರಿಸಿನಸ್, ಲ್ಯಾಟಿನ್‌ನಲ್ಲಿ ಅದರ ಅರ್ಥ ಉಣುಗು ಅಂತಲೇ.

ಎಡ-ಬಲ ಸೀಳುವ ಉಪಾಯವನ್ನು ಮಾತ್ರ ಬಿಡುವುದಿಲ್ಲ. ನಾಲಗೆಯನ್ನು ಅಂಗುಳಕ್ಕೆ ತಾಗಿಸಿ, ನಡುವೆ ಒಂದು ಏಣು ಸಿಗುತ್ತದೆ. ಅದೂ ರಾಫೆಯೇ, ಆದರೆ ಅದು ನಿಜವಾದ ಹೊಲಿಗೆ. ಗರ್ಭದಲ್ಲಿ ಅಂಗುಳದ ಎರಡು ಹಲಗೆಗಳು ಮೊದಲು ನಾಲಗೆಯ ಎರಡೂ ಪಕ್ಕ ಕೆಳಗೆ ಇಳಿಬಿದ್ದಿರುತ್ತವೆ. ಆಮೇಲೆ ಮೇಲೆದ್ದು, 12ನೇ ವಾರದ ಹೊತ್ತಿಗೆ ನಡುವೆ ಬೆಸೆದುಕೊಳ್ಳುತ್ತವೆ. ಬೆಸೆಯದಿದ್ದರೆ ಸೀಳಂಗುಳ. ಮುಂದಿನ ಮಾದರಿ ಇದೇ. ಎರಡು ಹಲಗೆ, ನಡುವೆ ಅಯಸ್ಕಾಂತ. ಮೇಲೇಳುವ ಕೀಲಿಗೆ ಹಳೆಯ ಕನ್ನಡಕದ ಕೀಲು ಸಾಕಾಗುತ್ತಾ ಅಂತ ಈ ಭಾನುವಾರ ನೋಡುತ್ತೇನೆ.