ಗೈಡ್ ದಾಟಿಸಿಕೊಂಡು ಹೋದ ಕಂಬ

ಹಾಸನಕ್ಕೆ ಹೋಗಿದ್ದು ಮೂರು ದಿನಕ್ಕೆ. ಬೇಲೂರು, ಶ್ರವಣಬೆಳಗೊಳ, ಗೊರೂರು ಎಲ್ಲ ನೋಡಿದೆವು. ಅವುಗಳ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಚೆನ್ನಾಗಿಲ್ಲ ಅಂತಲ್ಲ. ಬೇಲೂರಿನ ಮದನಿಕೆಯರನ್ನು ಹೊಗಳಿದವರ ಸಾಲು ಉದ್ದ ಇದೆ, ಅದರ ಕೊನೆಗೆ ನಾನೂ ಹೋಗಿ ನಿಲ್ಲೋದು ಬೇಡ. ವಾಪಸ್ ಬಂದು ಹದಿನೈದು ದಿನವಾದರೂ ನನ್ನ ತಲೆಯಿಂದ ಇಳಿಯದೆ ಕೂತಿರುವುದು ಹಳೇಬೀಡಿನ ಒಂದು ಕಂಬ. ಅದನ್ನೂ ನೋಡದೇ ಬರುವವಳಿದ್ದೆ.

ಮೊದಲು ಒಂದು ಸಿಟ್ಟು ಇಳಿಸಿಕೊಳ್ಳುತ್ತೇನೆ. ಹಾಸನದಲ್ಲಿ ಒಂದು ಲಾಡ್ಜಿನ ರೂಮು ಮೊಬೈಲಲ್ಲೇ ಬುಕ್ ಮಾಡಿದ್ದೆ, ದುಡ್ಡೂ ಕಟ್ಟಿದ್ದೆ. ರಾತ್ರಿ ಹತ್ತೂವರೆಗೆ ಅಮ್ಮನನ್ನು ಕರೆದುಕೊಂಡು ಹೋಗಿ ನಿಂತರೆ ಕೌಂಟರಿನ ಹುಡುಗ, "ನಿಮ್ ಹೆಸರಲ್ಲಿ ಬುಕಿಂಗೇ ಇಲ್ಲ ಮೇಡಂ" ಅಂದ. ಮೆಸೇಜ್ ತೋರಿಸಿದೆ. "ಇದು ನಮಗೆ ಬಂದಿಲ್ಲ" ಅಂದ. ಬೇರೆ ರೂಮು ಸಿಗುವಷ್ಟರಲ್ಲಿ ಹನ್ನೆರಡು. ಬೆಳಿಗ್ಗೆ ಬೇಗ ಏಳಲಾಗಲಿಲ್ಲ. ಆದ್ದರಿಂದ ಹೇಳುವುದು ಇಷ್ಟೇ: ಮೆಸೇಜ್ ನಂಬಬೇಡಿ, ಹೊರಡುವ ಮುಂಚೆ ಫೋನ್ ಮಾಡಿ ಬಾಯಲ್ಲಿ ಕೇಳಿ.

ಬೇಗ ಏಳದಿದ್ದರೆ ಏನಾಗುತ್ತೆ? ಹಾಸನದಿಂದ ಹಳೇಬೀಡಿಗೆ ಮೂವತ್ತು ಚಿಲ್ಲರೆ ಕಿಲೋಮೀಟರು, ಬಸ್ಸಿನಲ್ಲಿ ಒಂದು ಗಂಟೆ. ಅಮ್ಮ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡಳು. ನಾವು ಇಳಿದಾಗ ಹನ್ನೆರಡು ಗಂಟೆ. ಏಪ್ರಿಲ್ ತಿಂಗಳು. ಹೊಯ್ಸಳೇಶ್ವರ ದೇವಸ್ಥಾನದ ಜಗತಿ, ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆ, ಅದರ ಮೇಲೆ ಚಪ್ಪಲಿ ಹಾಕುವಂತಿಲ್ಲ. ಆ ಕಲ್ಲು ರೊಟ್ಟಿ ಹೆಂಚಿನ ಹಾಗೆ ಕಾದಿತ್ತು. ಶಿಲ್ಪ ನೋಡುವುದಿರಲಿ, ನೆರಳಿಂದ ನೆರಳಿಗೆ ಹಾರುವುದೇ ಒಂದು ಕೆಲಸವಾಯಿತು. ಒಂದು ಜೊತೆ ದಪ್ಪ ಸಾಕ್ಸ್ ಬ್ಯಾಗಲ್ಲಿರಲಿ. ಮತ್ತೆ, ಶುಕ್ರವಾರ ಹೋಗಬೇಡಿ. ಪಕ್ಕದ ಮ್ಯೂಸಿಯಂಗೆ ಅವತ್ತು ರಜೆ. ನಾವು ಹೋಗಿದ್ದು ಶುಕ್ರವಾರವೇ.

ಗೈಡ್ ಒಬ್ಬರನ್ನು ಹಿಡಿದೆವು. ಬಾಯಿಪಾಠ ಜೋರಾಗಿತ್ತು. 1121ರ ಹೊತ್ತಿಗೆ ವಿಷ್ಣುವರ್ಧನನ ಅಧಿಕಾರಿ ಕೇತುಮಲ್ಲ ಕಟ್ಟಿಸಲು ಶುರು ಮಾಡಿದ್ದು, 1311ರಲ್ಲಿ ಮಲಿಕ್ ಕಾಫರ್ ದಾಳಿ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. "ಆನೆ ಬಲ, ಸಿಂಹ ಧೈರ್ಯ, ಕುದುರೆ ವೇಗ" ಅಂತ ಪಟಪಟ ಹೇಳಿ ನಲವತ್ತು ನಿಮಿಷದಲ್ಲಿ ಮುಗಿಸಿದರು. ದಕ್ಷಿಣದ ಬಾಗಿಲ ಕಡೆ, ಬಯಲಲ್ಲಿ, ಒಂದು ಕಂಬ ಒಂಟಿಯಾಗಿ ನಿಂತಿತ್ತು. ಇದೇನು ಅಂತ ಕೇಳಿದೆ. "ಅದು ಸುಮ್ನೆ ಗರುಡಗಂಬ ಮೇಡಂ, ಎಲ್ಲಾ ದೇವಸ್ಥಾನದಲ್ಲೂ ಇರುತ್ತಲ್ಲ" ಅಂದು ದಾಟಿಸಿಕೊಂಡು ಹೋದರು. ಇದು ಶಿವನ ಗುಡಿ. ಶಿವನ ಮುಂದೆ ಗರುಡ ಯಾಕೆ ಬರ್ತಾನೆ, ಅಲ್ವಾ? ಅದು ಆಗ ಹೊಳೆಯಲಿಲ್ಲ. ಗೈಡಿಗೆ ದುಡ್ಡು ಕೊಟ್ಟು ಕಳಿಸಿ, ಕಡ್ಲೆಕಾಯಿ ತಗೊಂಡು ಮರದ ನೆರಳಿಗೆ ಬಂದು ಕೂತ ಮೇಲೆ ಹೊಳೆಯಿತು.

ಅದೇ ನೆರಳಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಬಿಳಿ ಪಂಚೆ, ಮಡಿಸಿದ ಟವೆಲು, ನೆಟ್ಟಗಿನ ಬೆನ್ನು. ಮಗಳ ಮನೆಯವರು ಬಂದಿದ್ದಾರಂತೆ, ಮೊಮ್ಮಕ್ಕಳು ಒಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಾರಂತೆ. ನಾನು ಕಂಬದ ಕಡೆ ನೋಡುತ್ತಿದ್ದುದನ್ನು ಗಮನಿಸಿ, "ಅದನ್ನ ಹತ್ತಿರ ಹೋಗಿ ನೋಡಮ್ಮಾ. ಕೈಯಲ್ಲಿ ಏನು ಹಿಡಿದವ್ರೆ ನೋಡು" ಅಂದರು.

ಹೋದೆ. ಕಂಬದ ಸುತ್ತ ಸಣ್ಣ ಸಣ್ಣ ಆಕೃತಿಗಳು. ದೇವರಲ್ಲ, ನರ್ತಕಿಯರಲ್ಲ. ವೀರರು. ಕೈಯಲ್ಲಿ ಕತ್ತಿ. ಎದುರಿಗೆ ಶತ್ರು ಇಲ್ಲ. ಆ ಕತ್ತಿ ಅವರವರ ಕುತ್ತಿಗೆಗೇ ಹೋಗಿದೆ. ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳುತ್ತಿರುವ ಮನುಷ್ಯ ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡವನು. ಮಳೆ ಬಿಸಿಲಿಗೆ ಮುಖ ಸವೆದಿದೆ. ಮಂಡಿ ಮಾತ್ರ ಸ್ವಲ್ಪ ಬಾಗಿದೆ, ಭಾರ ಹೊತ್ತವರು ಬಾಗಿಸುವ ಹಾಗೆ. ಕಂಬದ ಮೇಲೆ ಹಳಗನ್ನಡದ ಅಕ್ಷರ. ಒಂದೆರಡು ಗುರುತು ಹತ್ತಿದವು, ಉಳಿದದ್ದು ಇಲ್ಲ. ಒಂದು ಗಂಟೆ ಹಿಂದೆ ಇದೇ ಕಂಬದ ಪಕ್ಕದಲ್ಲಿ ಅಂಗಾಲು ಸುಡುತ್ತೆ ಅಂತ ಗೊಣಗಿಕೊಂಡು ಹೋಗಿದ್ದೆ.

ವಾಪಸ್ ಬಂದು ಕೂತೆ. ಆಮೇಲೆ ನಡೆದಿದ್ದು ಒಂದೂವರೆ ಗಂಟೆಯ ಮಾತು.

ಹಿರಿಯರು ಸೈನ್ಯದಲ್ಲಿದ್ದವರು. ಮದ್ರಾಸ್ ರೆಜಿಮೆಂಟು, ಇಪ್ಪತ್ತನಾಲ್ಕು ವರ್ಷ, ಹವಾಲ್ದಾರ್ ಆಗಿ ನಿವೃತ್ತಿ. "ವೆಲ್ಲಿಂಗ್ಟನ್ನಲ್ಲಿ ಟ್ರೈನಿಂಗು. ಊಟಿ ಹತ್ತಿರ. ಚಳಿ ಅಂದ್ರೆ ಚಳಿ" ಅಂದರು. 1750ರ ದಶಕದಲ್ಲಿ ಶುರುವಾದ, ನಮ್ಮ ದೇಶದ ಅತಿ ಹಳೆಯ ಪದಾತಿ ರೆಜಿಮೆಂಟು ಅದು. ಅದರ ಲಾಂಛನದಲ್ಲಿ ಆನೆ ಇದೆ, 1803ರ ಅಸ್ಸಾಯೆ ಯುದ್ಧದ ನೆನಪಿಗೆ. ಗುಡಿಯ ತಳದ ಆನೆ ಸಾಲಿನ ಕಡೆ ಕೈ ತೋರಿಸಿ, "ನಮ್ಮ ಟೋಪಿ ಮೇಲೂ ಇವನೇ ಇದ್ದ" ಅಂದು ನಕ್ಕರು.

ಕಂಬದ ಕತೆ ಅವರಿಗೆ ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದಂತೆ. ಆಮೇಲೆ ನಾನೂ ಒಂದಿಷ್ಟು ಓದಿದೆ. ಎರಡನ್ನೂ ಸೇರಿಸಿ ಹೇಳುತ್ತೇನೆ.

ಹೊಯ್ಸಳ ರಾಜರ ಬಳಿ ಗರುಡರು ಅಂತ ಒಂದು ಪಡೆ ಇತ್ತು. ಕೂಲಿಗೆ ಬಂದ ಕಾಲಾಳುಗಳಲ್ಲ, ರಾಜನ ಮೈಗಾವಲು. ವಿಷ್ಣುವಿಗೆ ಗರುಡ ಹೇಗೋ ಹಾಗೆ ರಾಜನಿಗೆ ಇವರು. ರಾಜನ ಮನೆಯವರ ಜೊತೆಗೇ ಓಡಾಡುತ್ತಿದ್ದರು. ಕೆಲವು ಮನೆತನಗಳಲ್ಲಿ ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ ಇದೇ ಕೆಲಸಕ್ಕೆ ನಿಲ್ಲುತ್ತಿದ್ದರು. ಸೇರುವಾಗಲೇ ಒಂದು ಮಾತು ಕೊಡಬೇಕು: ಒಡೆಯ ಸತ್ತ ದಿನ ನಾನೂ ಬದುಕಿರುವುದಿಲ್ಲ. ಈ ಮಾತಿಗೆ ಶಾಸನಗಳಲ್ಲಿ ವೇಳೆವಾಳಿ ಅಂತ ಹೆಸರಿದೆ. ಹೀಗೆ ಮಾತು ಕೊಟ್ಟವನು ಲೆಂಕ. ಇನ್ನೊಂದು ಪದ ಜೋಳವಾಳಿ. ಉಂಡ ಜೋಳದ ಋಣ ಅಂತ. ಈ ಪದ ಕೇಳಿ ಅಮ್ಮನಿಗೆ ಖುಷಿಯಾಯಿತು. "ಉಪ್ಪುಂಡ ಮನೆಗೆ ಎರಡು ಬಗೀಬಾರದು ಅಂತೀವಲ್ಲ, ಅದೇ ತಾನೇ?" ಅಂದಳು.

ಇದು ಹೊಯ್ಸಳರೇ ಹುಟ್ಟುಹಾಕಿದ್ದಲ್ಲ. ಗಂಗರ ಕಾಲದಲ್ಲೇ ಒಡೆಯನ ಜೊತೆ ಆಳೂ ಮಣ್ಣಾಗುವ ಪದ್ಧತಿ ಇತ್ತು, ಅದಕ್ಕೆ ಕೀಳ್ಗುಂಟೆ ಅಂತಿದ್ದರು. ಬಗ್ಗಿಸಿದ ಬಿದಿರು ಗಳಕ್ಕೆ ಜುಟ್ಟು ಕಟ್ಟಿಕೊಂಡು ಕುತ್ತಿಗೆ ಕೊಡುವ ಸಿಡಿತಲೆ ಕಲ್ಲುಗಳನ್ನು ನಮ್ಮ ಕಡೆ ಹಲವು ಊರಲ್ಲಿ ನೋಡಬಹುದು. ಗರುಡರಿಗಾಗಿ ಕಂಬವನ್ನೇ ನಿಲ್ಲಿಸಿದ್ದು ಹೊಯ್ಸಳರ ಕಾಲದ ವಿಶೇಷ. ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥವು ಇನ್ನೂ ನಿಂತಿವೆ. ಅಲ್ಲಿ ಕಂಬದ ತುದಿಯಲ್ಲಿ ಆನೆ ಇದೆಯಂತೆ. ಮುಂದಿನ ಸಲ ಅಲ್ಲಿಗೇ.

ಹಳೇಬೀಡಿನ ಕಂಬ ಕುವರ ಲಕ್ಷ್ಮನದು. 1173ರಿಂದ ಆಳಿದ ಇಮ್ಮಡಿ ವೀರ ಬಲ್ಲಾಳನ ಮಂತ್ರಿ, ದಂಡನಾಯಕ, ಗರುಡ. ಬಲ್ಲಾಳ ಅವನನ್ನು ಮಗನ ಹಾಗೆ ನೋಡಿಕೊಂಡಿದ್ದ. ಕುವರ ಅನ್ನುವ ಹೆಸರಿನಲ್ಲೇ ಅದಿದೆ. 1220ರಲ್ಲಿ ಬಲ್ಲಾಳ ತೀರಿಕೊಂಡ. ಲಕ್ಷ್ಮ ಮಾತು ಉಳಿಸಿಕೊಂಡ. ಅವನ ಜೊತೆ ಹೆಂಡತಿ ಸುಗ್ಗಲದೇವಿ. ಅವರ ಜೊತೆ ಅವನ ವೀರರು.

"ಸಾವಿರ ಜನ ಅಂತ ನಮ್ಮ ಮೇಷ್ಟ್ರು ಹೇಳಿದ್ರು" ಅಂದರು ಹವಾಲ್ದಾರರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕವನಿದ್ದಾಗ ಮೈ ಜುಂ ಅಂದಿತ್ತು. ಸೈನ್ಯಕ್ಕೆ ಸೇರಿದ್ದಕ್ಕೆ ಈ ಕಂಬಾನೂ ಒಂದು ಕಾರಣ ಇರಬೌದು. ಈಗ ನೋಡಿದ್ರೆ ಸಿಟ್ಟು ಬರ್ತದೆ ಕಣಮ್ಮಾ" ಅಂದರು.

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಸ್ವಾಮಿನಿಷ್ಠೆ, ತ್ಯಾಗ ಅಂತ ಏನೋ ಹೇಳುತ್ತಾರೆ ಅಂದುಕೊಂಡಿದ್ದೆ.

"ಸಿಟ್ಟು ಯಾಕೆ?"

"ಒಂದು ಬಟಾಲಿಯನ್ ಅಂದ್ರೆ ಎಂಟುನೂರು ಚಿಲ್ಲರೆ ಜನ. ಸಾವಿರ ಅಂದ್ರೆ ಅದಕ್ಕಿಂತ ಜಾಸ್ತಿ. ಎಲ್ಲಾ ಪಳಗಿದವ್ರು. ಒಬ್ಬ ಸಿಪಾಯಿನ ತಯಾರು ಮಾಡೋಕೆ ಎಷ್ಟು ವರ್ಷ ಬೇಕು ಗೊತ್ತಾ? ರಾಜ ಹೋದ, ಮಗ ಪಟ್ಟಕ್ಕೆ ಬಂದ. ಮಾರನೇ ದಿನ ಆ ಹುಡುಗನ್ನ ಕಾಯೋರು ಯಾರು? ಗಡಿಗೆ ಹೋಗೋರು ಯಾರು?"

ಆ ಮಗ ಇಮ್ಮಡಿ ನರಸಿಂಹ. ಉತ್ತರದಲ್ಲಿ ದೇವಗಿರಿಯ ಸೇವುಣರ ಕಾಟ, ತಮಿಳುನಾಡಿನಲ್ಲಿ ಕುಸಿಯುತ್ತಿದ್ದ ಚೋಳರನ್ನು ಎತ್ತಿ ಕೂರಿಸುವ ಕೆಲಸ, ಎರಡೂ ಅವನ ತಲೆ ಮೇಲೆ ಬಿದ್ದವು. ಹವಾಲ್ದಾರರಿಗೆ ಈ ವಿವರ ಗೊತ್ತಿರಲಿಲ್ಲ. ಆದರೂ ಅವರ ಲೆಕ್ಕ ಸರಿ ಇತ್ತು.

"ನಮಗೂ ಹೇಳಿಕೊಡ್ತಿದ್ರು. ಸ್ವಧರ್ಮೇ ನಿಧನಂ ಶ್ರೇಯಃ, ನಮ್ಮ ರೆಜಿಮೆಂಟಿನ ಮಾತದು. ಸಾಯೋಕೆ ಹೆದರಬಾರದು ಅಂತ ಅರ್ಥ. ಸಾಯ್ಲೇಬೇಕು ಅಂತ ಅಲ್ಲ. ಅವೆರಡಕ್ಕೂ ವ್ಯತ್ಯಾಸ ಇದೆ."

ಅಮ್ಮ ಕಡ್ಲೆಕಾಯಿ ಸುಲಿಯುತ್ತಾ ಇದ್ದವಳು, "ಆ ಹೆಣ್ಣುಮಗಳನ್ನ ಯಾರಾದರೂ ಒಂದು ಮಾತು ಕೇಳಿದ್ರಾ?" ಅಂದಳು.

"ಯಾರನ್ನ?"

"ಸುಗ್ಗಲದೇವಿನ. ಜೋಳ ಉಂಡಿದ್ದು ಗಂಡ. ಮಾತು ಕೊಟ್ಟಿದ್ದು ಗಂಡ."

ಹವಾಲ್ದಾರರು ಟವೆಲು ಬಿಚ್ಚಿ ಮತ್ತೆ ಮಡಿಸಿದರು. "ನೀವು ಹೇಳೋದು ಸರಿ ತಾಯಿ" ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಇಲ್ಲಿ ನನ್ನದೂ ಒಂದು ಮಾತು. ವೀರಗಲ್ಲುಗಳನ್ನು ಕಂಡರೆ ನನಗೆ ಮೊದಲಿಂದ ಪ್ರೀತಿ. ದನ ಕಾಯಲು ಹೋಗಿ ಸತ್ತವನು, ಊರು ಉಳಿಸಲು ಹೋಗಿ ಸತ್ತವನು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಅವನು ಯಾರಿಗೋ ಆಗಿಬಂದ ಅನ್ನುವ ಸಮಾಧಾನ ಅಲ್ಲಿರುತ್ತದೆ. ಈ ಕಂಬದ ಮುಂದೆ ನನಗೆ ಆ ಸಮಾಧಾನ ಸಿಗಲಿಲ್ಲ. ಆದರೆ ಅಲ್ಲಿಂದ ಎದ್ದು ಬರಲೂ ಆಗಲಿಲ್ಲ. ಕೆತ್ತಿದವನ ಕೈ ಅಂಥದ್ದು. ಇಡೀ ಗುಡಿಯ ಗೋಡೆಯಲ್ಲಿ ಒಡವೆ ಹೇರಿಕೊಂಡು ನಿಂತ ದೇವತೆಗಳಿಗಿಂತ ಆ ಮಂಡಿ ಬಾಗಿದ ಪುಟ್ಟ ಮನುಷ್ಯ ನನಗೆ ಹತ್ತಿರದವನು ಅನಿಸಿದ. ಒಡವೆ ಕೆತ್ತನೆ ಹೊಯ್ಸಳರಲ್ಲಿ ಸ್ವಲ್ಪ ಅತಿಯಾಯಿತು ಅಂತ ನನ್ನ ಹಳೇ ತಕರಾರು. ಬೈಯುವವರು ಬೈಯಲಿ.

"ನಿಮ್ಮ ಜೊತೆಯವರು ಯಾರಾದರೂ...?" ಅಂತ ಕೇಳಿ, ಕೇಳಬಾರದಿತ್ತು ಅನಿಸಿ ಅರ್ಧಕ್ಕೇ ನಿಲ್ಲಿಸಿದೆ.

"ಹೋದ್ರು. ಒಬ್ಬ ನನ್ನ ಪಕ್ಕದ ಕಾಟಿನವನು. ಕೇರಳದ ಹುಡುಗ. ಗುಡ್ಡದ ಮೇಲೆ ಪೋಸ್ಟಲ್ಲಿದ್ವಿ. ಹಿಮ ಜಾರಿತು." ಕೈಯನ್ನು ಅಡ್ಡಡ್ಡ ಆಡಿಸಿದರು. "ನಾನು ಅವನ ಹಿಂದೆ ಹೋಗಲಿಲ್ಲ ನೋಡು. ಅವನ ಟ್ರಂಕು ತಗೊಂಡು ಅವನ ಮನೆಗೆ ಹೋದೆ. ಮೂರು ದಿನ ರೈಲು. ಟ್ರಂಕಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು. ಎರಡು ಯೂನಿಫಾರ್ಮು, ಒಂದು ರೇಡಿಯೋ, ಕಾಗದಗಳು. ಒಂದು ಉಪ್ಪಿನಕಾಯಿ ಜಾಡಿ ಇತ್ತು, ಖಾಲಿ. ಅದನ್ನ ಪಟ್ಟಿಗೆ ಬರೀಬೇಕಾ ಬೇಡ್ವಾ ಅಂತ ಗೊತ್ತಾಗಲಿಲ್ಲ."

"ಬರೆದ್ರಾ?" ಅಮ್ಮ ಕೇಳಿದಳು.

"ಬರೆದೆ. ಅವರಮ್ಮ ಹಾಕಿದ್ದ ಮಾವಿನಕಾಯಿ. ಅರ್ಧ ನಾನೇ ತಿಂದಿದ್ದೆ."

ಅಷ್ಟು ಹೊತ್ತಿಗೆ ಮೊಮ್ಮಕ್ಕಳು ಓಡಿ ಬಂದರು. ಐಸ್‌ಕ್ರೀಂ ಬೇಕಂತೆ. ಅವರು ಮಂಡಿಗೆ ಕೈ ಊರಿ ಎದ್ದರು. "ಬರ್ತೀನಿ ತಾಯಿ. ಬಸದಿ ನೋಡಿಬಿಟ್ಟು ಹೋಗಿ, ಕಂಬಗಳು ಕನ್ನಡಿ ಇದ್ದಂಗೆ ಅವೆ" ಅಂದು ಹೊರಟರು.

ಬಸದಿ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಬಸ್ತಿಹಳ್ಳಿಯಲ್ಲಿ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳು ನಿಜವಾಗಿಯೂ ಹೊಳೆಯುತ್ತವೆ, ಮುಖ ಕಾಣುತ್ತದೆ. ಜನ ಕಮ್ಮಿ, ತಂಪು, ಸದ್ದಿಲ್ಲ. ಹಳೇಬೀಡಿಗೆ ಹೋಗಿ ಇದನ್ನು ಬಿಟ್ಟು ಬಂದರೆ ನಷ್ಟ ನಿಮಗೇ. ಅಲ್ಲಿಂದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದೆವು. ರೊಟ್ಟಿ ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ. ಕಾಫಿ ಮಾತ್ರ, ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಕುಡಿಯುವಂಥದ್ದಲ್ಲ. ಚಿಕೋರಿ ನೀರು.

ಬಸ್ ಹೊರಡುವ ಮುಂಚೆ ಇನ್ನೊಮ್ಮೆ ಕಂಬ ನೋಡಿ ಬರುತ್ತೇನೆ ಅಂದೆ. ಐದು ಗಂಟೆಯ ಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳ ಗೀರಿನಲ್ಲೆಲ್ಲ ನೆರಳು ತುಂಬಿತ್ತು. ಮಧ್ಯಾಹ್ನ ಕಾಣದ ಆಕೃತಿಗಳೂ ಎದ್ದು ಕಾಣುತ್ತಿದ್ದವು. ಎಣಿಸಲು ಶುರು ಮಾಡಿದೆ. ಗೇಟಿನ ಹತ್ತಿರದಿಂದ ಅಮ್ಮ, "ಬಸ್ ಬಂತು ಕಣೇ" ಅಂತ ಕೂಗಿದಳು. ಎಣಿಕೆ ತಪ್ಪಿತು.

ಹಗರೆ ದಾಟುವವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆಯಿಂದ ತಿರುಗಿ, "ಅವರ ಹೆಸರೇನು ಅಂತ ಕೇಳಿದೆಯೇನೇ?" ಅಂದಳು.

ಕೇಳಿರಲಿಲ್ಲ.