ಮೊದಲ ಬಿಲ್ಲಿಗೆ ಮುಂಚಿನ 11 ಪ್ರಶ್ನೆಗಳು

ಅಂಗಡಿಗಳಿಗೆ ಬೇಕಾಗುವ ಬಿಲ್ಲಿಂಗ್ ತಂತ್ರಾಂಶ ತಯಾರಿಸುವ ಮಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಅದನ್ನು ಯಾರು ಬೇಕಾದರೂ 14 ದಿನ ಉಚಿತವಾಗಿ ಬಳಸಿ ನೋಡಬಹುದು. ಹಾಗೆ ಬಂದವರಲ್ಲಿ ಬಹಳ ಮಂದಿ ಒಂದೇ ಒಂದು ಬಿಲ್ ಮಾಡದೆ ಹೊರಟುಹೋಗುತ್ತಿದ್ದರು. ಅವರಿಗೆ ತಂತ್ರಾಂಶ ಅರ್ಥವಾಗುತ್ತಿಲ್ಲ ಎಂದುಕೊಂಡು, ಎಲ್ಲಿ ಒತ್ತಬೇಕು ಎಂದು ಬಾಣದ ಗುರುತಿನಿಂದ ತೋರಿಸುವ ಪರಿಚಯ ಪಾಠವೊಂದನ್ನು ಸೇರಿಸಿದೆವು. ಎರಡು ತಿಂಗಳು ಅದಕ್ಕಾಗಿಯೇ ದುಡಿದೆವು. ಬಂದವರು ಹಿಂದಿನಂತೆಯೇ ಹೋಗುತ್ತಿದ್ದರು.

ಕಡೆಗೆ ನಾನು ಉಡುಪಿಗೆ ಹೋಗಿ, ರಥಬೀದಿಯ ಹತ್ತಿರದ ಒಂದು ದಿನಸಿ ಅಂಗಡಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಕುಳಿತೆ. ಯಜಮಾನರಿಗೆ ಅರುವತ್ತು ದಾಟಿದೆ. ಏನೂ ಹೇಳಿಕೊಡಬಾರದು, ಸುಮ್ಮನೆ ನೋಡಬೇಕು ಎಂದು ನಿರ್ಧರಿಸಿಕೊಂಡಿದ್ದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಈ ಉದ್ಯೋಗದಲ್ಲಿ ಇನ್ನೊಂದು ಮಾಡಿಲ್ಲ.

ಬಿಲ್ ಮಾಡುವ ಪುಟ ತೆರೆಯುವ ಮೊದಲು ನಮ್ಮ ತಂತ್ರಾಂಶ 11 ಪ್ರಶ್ನೆಗಳನ್ನು ಕೇಳುತ್ತಿತ್ತು. ಅಂಗಡಿಯ ಹೆಸರು, ಮಾಲೀಕರ ಹೆಸರು, ಮೊಬೈಲ್, ಇಮೇಲ್, ವಿಳಾಸ, ಪಿನ್‌ಕೋಡ್, ರಾಜ್ಯ, ಪ್ಯಾನ್, ಜಿಎಸ್‌ಟಿ ಸಂಖ್ಯೆ, ವ್ಯಾಪಾರದ ಬಗೆ, ಆರ್ಥಿಕ ವರ್ಷದ ಆರಂಭ. ನಡುನಡುವೆ ಗಿರಾಕಿಗಳು ಬರುತ್ತಿದ್ದರು. ಯಜಮಾನರು ಎದ್ದು ಅರ್ಧ ಕಿಲೋ ಉದ್ದಿನಬೇಳೆ ತೂಗಿ ಕೊಟ್ಟು ಬರುವಷ್ಟರಲ್ಲಿ ಪುಟದ ಅವಧಿ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅವರಿಗೆ ಇಮೇಲ್ ಇರಲಿಲ್ಲ. ದುಬೈಯಲ್ಲಿರುವ ಮಗನ ವಿಳಾಸ ಕೊಟ್ಟರು. ದೃಢೀಕರಣದ ಸಂದೇಶ ಅಲ್ಲಿಗೆ ಹೋಯಿತು. ಮಗ ಫೋನ್ ಎತ್ತಲಿಲ್ಲ. ಜಿಎಸ್‌ಟಿ ಸಂಖ್ಯೆಯ ಖಾನೆಗೆ ಬಂದಾಗ ಅವರು ಕನ್ನಡಕ ತೆಗೆದಿಟ್ಟು, "ನನಗೆ ಜಿಎಸ್‌ಟಿಯೇ ಇಲ್ಲವಲ್ಲ ಮಾರಾಯರೇ, ಇನ್ನು ಎಂತ ಬರೆಯುವುದು?" ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ರಾಜ್ಯದೊಳಗೆ ಸರಕು ಮಾತ್ರ ಮಾರುವ ಅಂಗಡಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ನೋಂದಣಿ ಬೇಕಾಗಿಲ್ಲ. ನಾವು ಆ ಖಾನೆಯನ್ನು ಕಡ್ಡಾಯ ಮಾಡಿ, ಇಂಥ ಎಲ್ಲ ಅಂಗಡಿಯವರನ್ನೂ ಹೊಸ್ತಿಲಲ್ಲೇ ನಿಲ್ಲಿಸಿದ್ದೆವು. ಇನ್ನು ನೋಂದಣಿ ಇರುವವರಿಗೆ ಕೊಟ್ಟ ತೊಂದರೆಯೂ ಕಡಿಮೆಯದಲ್ಲ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಅದೊಂದನ್ನು ಕೊಟ್ಟವರಿಂದ ರಾಜ್ಯವನ್ನೂ ಪ್ಯಾನನ್ನೂ ಮತ್ತೆ ಬರೆಸಿಕೊಳ್ಳುತ್ತಿದ್ದೆವು. ಆ ಅರ್ಜಿಯನ್ನು ಜೋಡಿಸಿದವರಲ್ಲಿ ನಾನೂ ಒಬ್ಬಳು. ಅಂದು ಅವರ ಎದುರು ಕುಳಿತು ನನಗೆ ನಿಜಕ್ಕೂ ನೋವಾಯಿತು.

ಮರುವಾರ ಮಂಗಳೂರಿನ ಬಂದರು ಪ್ರದೇಶದಲ್ಲಿ ಇನ್ನೊಬ್ಬ ವ್ಯಾಪಾರಿಯನ್ನು ಕಂಡೆ. ಅವರು ರಾಜಿ ತೆರಿಗೆ ಪದ್ಧತಿಯವರು, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುವ, ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್‌ನಲ್ಲಿರುವವರು. ಇವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಕೊಡಬೇಕಾದದ್ದು 'ಬಿಲ್ ಆಫ್ ಸಪ್ಲೈ', ಅಂದರೆ ತೆರಿಗೆಯ ಸಾಲಿಲ್ಲದ ಬಿಲ್. ನಮ್ಮ ತಂತ್ರಾಂಶ ತಾನಾಗಿಯೇ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಎಂದು ಎರಡು ಸಾಲು ಸೇರಿಸಿ ಮೊದಲ ಬಿಲ್ ಮುದ್ರಿಸಿತ್ತು. ಬದಲಿಸುವ ಗುಂಡಿ ಎಲ್ಲೋ ಒಳಗಿತ್ತು. ಮೊದಲ ಬಿಲ್ಲೇ ತಪ್ಪಾಗಿ ಬಂದರೆ ಅದನ್ನು ನಂಬಿ ಲೆಕ್ಕ ಇಡುವವರು ಯಾರು? ಬಾಣದ ಗುರುತುಗಳು ಇದಕ್ಕೆ ಏನು ಮಾಡಿಯಾವು?

ತಿರುಗಿ ಬಂದು ಪರಿಚಯ ಪಾಠವನ್ನು ತೆಗೆದೇಬಿಟ್ಟೆವು. ಈಗ ಅಂಗಡಿಯ ಹೆಸರು, ಮೊಬೈಲ್ ಸಂಖ್ಯೆ ಕೊಟ್ಟರೆ ನೇರವಾಗಿ ಬಿಲ್ಲಿನ ಪುಟ ತೆರೆಯುತ್ತದೆ. ಸಾಮಾನಿನ ಹೆಸರು, ದರ, ತೂಕ ಬರೆದು ಮುದ್ರಿಸಬಹುದು. ತೆರಿಗೆ ಸೇರಿಸಲು ಹೊರಟಾಗ ಮಾತ್ರ, ನೋಂದಣಿ ಇದೆಯೇ, ಇದ್ದರೆ ಯಾವ ಬಗೆಯದು ಎಂದು ಕೇಳುತ್ತೇವೆ. ಅರ್ಧ ತುಂಬಿದ ಬಿಲ್ ಎದ್ದು ಹೋಗಿ ಬಂದರೂ ಹಾಗೆಯೇ ಇರುತ್ತದೆ. ಇಮೇಲ್ ಬಿಡುವುದಕ್ಕೆ ಮಾರಾಟ ವಿಭಾಗದವರು ಒಪ್ಪಿರಲಿಲ್ಲ. ಉಡುಪಿಯ ಆ ಬೆಳಗನ್ನು ವಿವರಿಸಿದ ಮೇಲೆ ಒಪ್ಪಿದರು.

14 ದಿನಗಳ ಎಣಿಕೆಯನ್ನೂ ಬದಲಿಸಿದೆವು. ರಥಬೀದಿಯ ಇನ್ನೊಬ್ಬರು ಕೃಷ್ಣಾಷ್ಟಮಿಯ ಮುಂಚೆ ನಮ್ಮಲ್ಲಿ ಹೆಸರು ನೋಂದಾಯಿಸಿದ್ದರಂತೆ. ಅಷ್ಟಮಿ, ಮರುದಿನದ ವಿಟ್ಲಪಿಂಡಿ ಉತ್ಸವದ ಜನಸಂದಣಿಯಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಎಲ್ಲ ಮುಗಿಸಿ ತೆರೆದು ನೋಡಿದರೆ 'ಅವಧಿ ಮುಗಿದಿದೆ' ಎಂಬ ಸೂಚನೆ. ಈಗ ಮೊದಲ ಬಿಲ್ ಮಾಡಿದ ದಿನದಿಂದ ಎಣಿಸುತ್ತೇವೆ.

ಒಂದು ಕೆಲಸ ಮಾತ್ರ ಬಾಕಿ ಇದೆ. ಬಂದರಿನ ವ್ಯಾಪಾರಿ ತಮ್ಮ ಸಾಮಾನುಗಳ ಪಟ್ಟಿಯನ್ನು ಹಿಂದೆಯೇ ಎಕ್ಸೆಲ್‌ನಲ್ಲಿ, 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆಸಿಟ್ಟಿದ್ದರು. ಅದು, ಈಗ ಕಂಪ್ಯೂಟರು, ಮೊಬೈಲುಗಳಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಯೂನಿಕೋಡ್‌ಗಿಂತ ಬೇರೆ ಏರ್ಪಾಡು. ನಮ್ಮಲ್ಲಿ ತೆರೆದಾಗ ಇಡೀ ಪಟ್ಟಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿತು. ಅದನ್ನು ಪರಿವರ್ತಿಸುವ ಸೌಲಭ್ಯ ಸೇರಿಸಿದ್ದೇವೆ, ಹೆಚ್ಚಿನ ಹೆಸರುಗಳು ಸರಿಯಾಗಿ ಬರುತ್ತಿವೆ. ಆದರೆ ಹಳೆಯ ಏರ್ಪಾಡಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ಅವರ ಪಟ್ಟಿಯಲ್ಲಿ ಕರ್ಪೂರ ಇನ್ನೂ ಸರಿಯಾಗಿಲ್ಲ. ಈ ವಾರ ಅದನ್ನೇ ಹಿಡಿದು ಕುಳಿತಿದ್ದೇನೆ.